ಮುಲುಂಡ್‌ನ ಕೈರೋಪ್ರಾಕ್ಟಿಕ್ ಕ್ಲಿನಿಕ್: ಕೈಕೆಲಸಕ್ಕೆ ನಾಲ್ಕು ಸ್ಟಾರ್, ಫಿಲಾಸಫಿಗೆ ಒಂದೂವರೆ

ಮುಂಬೈನ ಮುಲುಂಡ್ ವೆಸ್ಟಲ್ಲಿ ಸ್ಟೇಷನ್ ಹತ್ರಾನೇ ಇರೋ ಒಂದು ಕೈರೋಪ್ರಾಕ್ಟಿಕ್ ಕ್ಲಿನಿಕ್ ಇದು, ಅಂದ್ರೆ ಬೆನ್ನುಮೂಳೆ, ಕೀಲುಗಳನ್ನ ಕೈಯಿಂದಲೇ ಒತ್ತಿ ತಿರುಚಿ ಚಿಕಿತ್ಸೆ ಮಾಡೋ ಜಾಗ. ಹೆಸರು ಹಾಕಲ್ಲ, ಯಾಕಂದ್ರೆ ಹೊಗಳೋದೂ ಇದೆ ಬೈಯೋದೂ ಇದೆ, ಬೈಯೋ ವಿಷಯ ಇವರೊಬ್ಬರದ್ದೇ ಅಂತಲೂ ಅಲ್ಲ. ರೀಲ್ಸಲ್ಲಿ ಕಟಕ್ ಕಟಕ್ ಅನ್ನಿಸೋದು ನೋಡಿ ನೋಡಿ ನಮ್ಮ ಕನ್ನಡದೋರ ವಾಟ್ಸಪ್ ಗ್ರೂಪಲ್ಲಿ "ಅಲ್ಲಿಗೆ ಹೋಗ್ಬಹುದಾ" ಅಂತ ಕೇಳೋರು ಜಾಸ್ತಿ ಆಗಿದಾರೆ, ಅವರಿಗೋಸ್ಕರ ಬರೀತಿದೀನಿ.

ನಂದು ಮಾಮೂಲಿ ಕಥೆ. ಡೊಂಬಿವಲಿಯಿಂದ ಲೋಕಲಲ್ಲಿ ಒಂಟಿ ಕಾಲಲ್ಲಿ ನಿಂತು ಹೋಗೋದು, ಆಫೀಸಲ್ಲಿ ಮುರುಕು ಕುರ್ಚಿ, ಸೊಂಟ ಹಿಡ್ಕೊಂಡು ಚಪ್ಪಲಿ ಹಾಕೋಕೂ ಗೋಡೆ ಬೇಕಾಗಿತ್ತು. ಮೊದಲು ಆರ್ಥೋಪೆಡಿಕ್ ಡಾಕ್ಟ್ರಿಗೆ ತೋರಿಸಿದೆ, ಗಾಬರಿ ಪಡೋದು ಏನಿಲ್ಲ, ಸ್ನಾಯು ಬಿಗಿದಿದೆ, ನಡೀರಿ, ಎಕ್ಸರ್‌ಸೈಜ್ ಮಾಡಿ ಅಂದ್ರು. ಅದಾದ ಮೇಲೇನೇ ಇಲ್ಲಿಗೆ ಬಂದಿದ್ದು. ನೀವೂ ಅದೇ ಆರ್ಡರಲ್ಲಿ ಹೋಗಿ, ದಯವಿಟ್ಟು.

ಟ್ರೀಟ್‌ಮೆಂಟ್ ಬಗ್ಗೆ ಮೊದಲು ಹೇಳ್ತೀನಿ, ಅದು ನಿಜಕ್ಕೂ ಚೆನ್ನಾಗಿತ್ತು. ಇಲ್ಲಿನ ಡಾಕ್ಟ್ರು, ಅಂದ್ರೆ ಕೈರೋಪ್ರಾಕ್ಟರ್, ಬಂದ ತಕ್ಷಣ ತಿರುಚೋಕೆ ಶುರು ಮಾಡಲಿಲ್ಲ, ಸಣ್ಣ ಸುತ್ತಿಗೇಲಿ ಮಂಡಿ ತಟ್ಟಿದ್ರು, ಅಂಗಾತ ಮಲಗಿಸಿ ಕಾಲು ನೆಟ್ಟಗೆ ಮೇಲೆತ್ತಿ ಎಲ್ಲಿ ನೋವು ಶುರುವಾಗುತ್ತೆ ಅಂತ ಕೇಳಿದ್ರು, ಪಾದದಲ್ಲಿ ಜೋಮು ಇದೆಯಾ ಅಂತ ವಿಚಾರಿಸಿದ್ರು. ಆಮೇಲೆ ಬೋರಲು ಮಲಗಿಸೋ ಬೆಂಚು, ಮುಖ ಇಡೋ ಕಡೆ ತೂತು, ಅದರ ಮೇಲೊಂದು ಪೇಪರ್ ನ್ಯಾಪ್‌ಕಿನ್. ಬೆಂಚಿನ ಒಂದೊಂದು ಭಾಗಾನ ಹಿಡಿಕೆ ಒತ್ತಿ ಸ್ವಲ್ಪ ಮೇಲಕ್ಕೆತ್ತಿ ಇಡ್ತಾರೆ, ಸೊಂಟದ ಮೇಲೆ ಅಂಗೈ ಇಟ್ಟು ಫಟ್ ಅಂತ ಒತ್ತಿದಾಗ ಆ ಭಾಗ ದಡ್ ಅಂತ ಕೆಳಗೆ ಬೀಳುತ್ತೆ. ಮೊದಲ ಸಲ ಬೆಂಚೇ ಮುರೀತು ಅನ್ಕೊಂಡೆ. ನೋವೇನೂ ಆಗಲ್ಲ, ಸದ್ದೇ ಜಾಸ್ತಿ. ಕೊನೇಲಿ ಮಗ್ಗುಲಾಗಿ ಮಲಗಿಸಿ, ಮೇಲಿನ ಮಂಡಿ ಮಡಚಿ, ಭುಜ ಹಿಂದಕ್ಕೆ ಹಿಡಿದು ಒಂದು ಝಟ್ಕಾ, ಕಟಕ್. ಎದ್ದಾಗ ಸೊಂಟ ಹಗುರ ಅನ್ನಿಸಿದ್ದು ಸುಳ್ಳಲ್ಲ.

ಆ ಸದ್ದು ಮೂಳೆ ಜಾಗಕ್ಕೆ ಕೂತಿದ್ದಲ್ಲ ಮತ್ತೆ. ಕೀಲಿನೊಳಗೆ ಎಣ್ಣೆಯಂಥ ದ್ರವ ಇರುತ್ತೆ, ಕೀಲು ದಿಢೀರ್ ಅಂತ ಹಿಗ್ಗಿದಾಗ ಒತ್ತಡ ಇಳಿದು ಅಲ್ಲೊಂದು ಗ್ಯಾಸ್ ಗುಳ್ಳೆ ಆಗುತ್ತೆ. 2015ರಲ್ಲಿ ಕೆನಡಾದ ಆಲ್ಬರ್ಟಾ ಯೂನಿವರ್ಸಿಟಿಯೋರು ಎಂಆರ್‌ಐ ಒಳಗೇ ಬೆರಳಿನ ನೆಟಿಗೆ ತೆಗೆಸಿ ಇದನ್ನ ವಿಡಿಯೋ ಮಾಡಿ ತೋರಿಸಿದಾರೆ. ಅಂದ್ರೆ ಸದ್ದು ಜೋರಾಗಿ ಬಂದ್ರೆ ಜಾಸ್ತಿ ವಾಸಿ ಅನ್ನೋದೆಲ್ಲ ರೀಲ್ಸಿನೋರ ವ್ಯಾಪಾರ.

ತಲೆಬಿಸಿ ಶುರುವಾಗಿದ್ದು ಇದಾದ ಮೇಲೆ. ಟೇಬಲ್ ಮೇಲೆ ಪ್ಲಾಸ್ಟಿಕ್ ಬೆನ್ನುಮೂಳೆ, ಗೋಡೆ ಮೇಲೆ ದೊಡ್ಡ ಚಾರ್ಟು, ಒಂದೊಂದು ಮಣಿಯಿಂದ ಒಂದೊಂದು ಗೆರೆ ಎಳೆದು ಲಿವರ್, ಹೊಟ್ಟೆ, ಕಿಡ್ನಿ ಅಂತ ಬರೆದಿದಾರೆ. ಡಾಕ್ಟ್ರು ಪೆನ್ನಲ್ಲಿ ಮುಟ್ಟಿ ಮುಟ್ಟಿ ವಿವರಿಸಿದ್ರು: ಮೈ ತನ್ನನ್ನ ತಾನೇ ವಾಸಿ ಮಾಡ್ಕೊಳ್ಳುತ್ತೆ, ಆ ಹುಟ್ಟು ಜಾಣತನಕ್ಕೆ ಇನ್ನೇಟ್ ಇಂಟೆಲಿಜೆನ್ಸ್ ಅಂತಾರೆ, ಅದು ನರಗಳ ಮೂಲಕ ಹರಿಯುತ್ತೆ, ಬೆನ್ನಿನ ಮಣಿ ಚೂರು ಜರುಗಿದ್ರೆ ಸಬ್‌ಲಕ್ಸೇಷನ್ ಆಗಿ ಆ ಹರಿವು ಕಟ್ಟುತ್ತೆ, ಎಲ್ಲ ಕಾಯಿಲೆಗೂ ಮೂಲ ಅದೇ, ನಾವು ಕಾಯಿಲೆಗೆ ಔಷಧಿ ಕೊಡಲ್ಲ, ಅಡ್ಡಿ ತೆಗೀತೀವಿ ಅಷ್ಟೇ. ಕೇಳೋಕೆ ಎಷ್ಟು ಚೆಂದ! ನಮ್ಮ ಜನಕ್ಕಂತೂ ಪ್ರಾಣ, ನಾಡಿ ಎಲ್ಲ ಕೇಳಿ ಗೊತ್ತಿರೋದ್ರಿಂದ ಸಲೀಸಾಗಿ ಒಳಗಿಳಿಯುತ್ತೆ, ಪಕ್ಕದಲ್ಲಿದ್ದ ಗುಜರಾತಿ ಆಂಟಿ ತಲೆ ಆಡಿಸ್ತಾನೇ ಇದ್ರು.

ಇದರ ಹಿನ್ನೆಲೆ ಏನು ಅಂದ್ರೆ, ಡಿ. ಡಿ. ಪಾಮರ್ ಅಂತ ಒಬ್ಬರು ಅಮೆರಿಕದ ಅಯೋವಾದಲ್ಲಿ ಡೇವನ್‌ಪೋರ್ಟ್ ಅನ್ನೋ ಊರಲ್ಲಿ ಕೈಯಲ್ಲೇ ಅಯಸ್ಕಾಂತ ಶಕ್ತಿ ಇದೆ ಅಂತ ಚಿಕಿತ್ಸೆ ಮಾಡ್ತಿದ್ರು. 1895ರಲ್ಲಿ ಹಾರ್ವಿ ಲಿಲಾರ್ಡ್ ಅನ್ನೋ ಕಿವಿ ಮಂದವಾಗಿದ್ದ ಜಾಡಮಾಲಿಯ ಬೆನ್ನುಮೂಳೆ ಒತ್ತಿದ್ರಂತೆ, ಕಿವಿ ಕೇಳಿಸ್ತಂತೆ, ಅಲ್ಲಿಂದಲೇ ಈ ಪದ್ಧತಿ ಹುಟ್ಟಿದ್ದು. ಕಿವಿ ಕೇಳಿಸೋ ನರ ಬುರುಡೆಯೊಳಗೇ ನೇರವಾಗಿ ಮೆದುಳಿಗೆ ಹೋಗುತ್ತೆ, ಬೆನ್ನ ಕಡೆ ಬರೋದೇ ಇಲ್ಲ. ಶುರುವಾದ ಕಥೆಯೇ ಹೀಗಿರುವಾಗ ಗೋಡೆ ಚಾರ್ಟ್ ಬಗ್ಗೆ ಏನು ಹೇಳೋದು. ಕೈರೋಪ್ರಾಕ್ಟರ್‌ಗಳಲ್ಲೇ ಮೊದಲಿಂದ ಎರಡು ಪಂಗಡ ಇದೆ, ಪಾಮರ್ ಹೇಳಿದ್ದೇ ವೇದವಾಕ್ಯ ಅನ್ನೋರು ಒಂದ್ಕಡೆ, ಬೇರೆ ಚಿಕಿತ್ಸೆನೂ ಸೇರಿಸ್ಕೊಳ್ಳೋರು ಇನ್ನೊಂದ್ಕಡೆ. 2010ರಲ್ಲಿ ಬ್ರಿಟನ್‌ನಲ್ಲಿ ಕೈರೋಪ್ರಾಕ್ಟರ್‌ಗಳ ಮೇಲ್ವಿಚಾರಣೆ ಮಾಡೋ ಕೌನ್ಸಿಲ್ಲೇ, ಈ ಸಬ್‌ಲಕ್ಸೇಷನ್ ಅನ್ನೋದು ಹಳೇ ಕಾಲದ ಕಲ್ಪನೆ, ಅದೇ ರೋಗಕ್ಕೆ ಕಾರಣ ಅನ್ನೋಕೆ ಪುರಾವೆ ಇಲ್ಲ ಅಂತ ಹೇಳಿಯಾಗಿದೆ. ಆ ಸುದ್ದಿ ಮುಲುಂಡ್‌ಗೆ ಇನ್ನೂ ತಲುಪಿಲ್ಲ.

ಹಾಗಂತ ಕೈಕೆಲಸಾನೂ ಬುರುಡೆ ಅನ್ನಲ್ಲ. ಸೊಂಟನೋವಿಗೆ ಮಾತ್ರೆಗಿಂತ ಮೊದಲು ನೋಡಬಹುದಾದ ಚಿಕಿತ್ಸೆಗಳಲ್ಲಿ ಬೆನ್ನು ಒತ್ತಿ ತಿರುಚೋದನ್ನೂ ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಅನ್ನೋ ಡಾಕ್ಟ್ರುಗಳ ಸಂಘ 2017ರ ಗೈಡ್‌ಲೈನಲ್ಲಿ ಸೇರಿಸಿದೆ, ಮಸಾಜು, ಬಿಸಿ ಶಾಖದ ಜೊತೆಗೇ. ಜೊತೆಗೆ ಹೆಚ್ಚಿನ ಸೊಂಟನೋವು ಕೆಲವು ವಾರಗಳಲ್ಲಿ ತಾನಾಗೇ ಇಳಿಯುತ್ತೆ, ಆ ಮಟ್ಟಿಗೆ ಇನ್ನೇಟ್‌ಗೂ ಸ್ವಲ್ಪ ಕ್ರೆಡಿಟ್ ಕೊಡೋಣ. ನಮ್ಮತ್ತೆ ಅಂತೂ ಬಿಲ್ ನೋಡಿ "ಉಳುಕು ತೆಗೆಯೋಕೆ ಇಷ್ಟು ದುಡ್ಡೇನೇ, ನಮ್ಮೂರಲ್ಲಿ ಎಲೆ ಅಡಿಕೆ ಇಟ್ರೆ ತೆಗೀತಿದ್ರು" ಅಂದ್ರು.

ನಂಗೆ ಸಿಟ್ಟು ಬಂದಿದ್ದು ಪ್ಯಾಕೇಜ್ ವಿಷಯಕ್ಕೆ. ನೋವು ಇಳಿದ ಮೇಲೂ ವರ್ಷಪೂರ್ತಿ ಮೇಂಟೆನೆನ್ಸ್ ಬೇಕಂತೆ, ಈಗಲೇ ಕಟ್ಟಿದ್ರೆ ಡಿಸ್ಕೌಂಟ್ ಅಂತೆ. ಮಗಳಿಗೆ ವೀಸಿಂಗ್ (ಉಬ್ಬಸ) ಇದೆ ಅಂತ ಮಾತಿಗೆ ಹೇಳಿದ್ದೇ ತಡ, ಕರ್ಕೊಂಬನ್ನಿ, ಬೆನ್ನಿಂದಲೇ ಸರಿ ಮಾಡೋಣ ಅಂದ್ರು. ಅಸ್ತಮಾ ಮಗೂನ ಇನ್ಹೇಲರ್ ಬಿಡಿಸಿ ಬೆಂಚ್ ಮೇಲೆ ಮಲಗಿಸೋರು ಇದ್ರೆ ಏನು ಗತಿ? ಬೇಡ ಅಂದು ಪರ್ ಸಿಟ್ಟಿಂಗ್ ದುಡ್ಡು ಕೊಟ್ಟು ಬರ್ತಿದ್ದೆ, ರಿಸೆಪ್ಷನ್ ಹುಡುಗಿ ಮುಖ ಚಿಕ್ಕದು ಮಾಡ್ಕೊಂಡ್ಳು, ಮಾಡ್ಕೊಳ್ಲಿ.

ಕತ್ತು ತಿರುಚಬೇಡಿ ಅಂದೆ, ಒಂದೇ ಮಾತಿಗೆ ಒಪ್ಕೊಂಡ್ರು, ಇದಕ್ಕೆ ಪೂರ್ತಿ ಮಾರ್ಕ್ಸ್. ಅಪರೂಪ ಆದ್ರೂ ಕತ್ತಿನ ರಕ್ತನಾಳದ ಒಳಪದರ ಹರಿದು ಸ್ಟ್ರೋಕ್ ಆದ ಕೇಸುಗಳಿವೆ. ಮೂಳೆ ಸವೆದಿರೋ ವಯಸ್ಸಾದವರು, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ನಿಮ್ಮ ಮಾಮೂಲಿ ಡಾಕ್ಟ್ರನ್ನ ಕೇಳದೆ ಹೋಗ್ಲೇಬೇಡಿ. ಕಾಲಲ್ಲಿ ಶಕ್ತಿ ಕಮ್ಮಿ ಆಗ್ತಿದ್ರೆ, ಮೂತ್ರದ ಹಿಡಿತ ತಪ್ಪಿದ್ರೆ ಸೀದಾ ಆಸ್ಪತ್ರೆಗೆ. ಇನ್ನೊಂದು, ಎಲ್ಲಿ ಕಲಿತ್ರಿ ಅಂತ ಕೇಳೋಕೆ ನಾಚಿಕೆ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೊಸದಾಗಿ ಕಲಿಯೋರಿಗೆ ಕಡಿಮೆ ಅಂದ್ರೂ 4,200 ಗಂಟೆ ತರಬೇತಿ ಬೇಕು ಅಂದಿದೆ, ಇಲ್ಲಿ ಶನಿವಾರ ಭಾನುವಾರದ ಕೋರ್ಸ್ ಮಾಡಿ ಬೋರ್ಡ್ ಹಾಕೋರೂ ಇದಾರೆ.

ಸೊಂಟಕ್ಕೆ ಮತ್ತೆ ಬೇಕಾದ್ರೆ ಇಲ್ಲಿಗೇ ಹೋಗ್ತೀನಿ, ಚಾರ್ಟ್ ಪಾಠ ಶುರುವಾದ್ರೆ ಟ್ರೈನ್ ಟೈಮ್ ಆಯ್ತು ಅಂತ ಎದ್ದು ಬಿಡಿ. ಸಂಜೆ ಆರರ ಮೇಲೆ ಅಪಾಯಿಂಟ್‌ಮೆಂಟ್ ತಗೋಬೇಡಿ, ಸಿಕ್ಕಾಪಟ್ಟೆ ಕಾಯಿಸ್ತಾರೆ, ಆ ವೇಟಿಂಗ್ ರೂಮಿನ ಸ್ಟೂಲಲ್ಲಿ ಕೂತ್ರೆ ಇಲ್ಲದ ಸೊಂಟನೋವೂ ಬರುತ್ತೆ.