ಅರೆಕಾಲಿಕ ಮೀಸಲು ಪೊಲೀಸರಿಗೆ ನೈಲಾನ್ ಡ್ಯೂಟಿ ಬೆಲ್ಟ್ ಸಾಕೇ?

ತಿಂಗಳಿಗೆ ಎರಡು ಮೂರು ಪಾಳಿ ಮಾಡುವ ಮೀಸಲು ಪೊಲೀಸರಿಗೆ ಡ್ಯೂಟಿ ಬೆಲ್ಟ್, ಅಂದರೆ ಪಿಸ್ತೂಲು, ಕೈಕೋಳ ಮುಂತಾದವನ್ನು ಸಿಕ್ಕಿಸಿಕೊಳ್ಳುವ ಬೆಲ್ಟು, ಎರಡು ಪದರದ ನೈಲಾನಿನದೇ ಸರಿ. ಚರ್ಮದ್ದು ನೋಡಲು ಚೆಂದ, ಆದರೆ ದಿನವೂ ಕಟ್ಟಿದರಷ್ಟೇ ಸೊಂಟಕ್ಕೆ ಒಗ್ಗುತ್ತದೆ. ಬೀರುವಿನಲ್ಲೇ ಇದ್ದರೆ ಬೂಸ್ಟು ಹಿಡಿಯುತ್ತದೆ.

ಸೆಟ್ಟಿನಲ್ಲಿ ಇರುವುದಿಷ್ಟು: ಪ್ಯಾಂಟಿನ ಲೂಪಿನೊಳಗೆ ಹೋಗುವ 1.5 ಇಂಚಿನ ಒಳಪಟ್ಟಿ, ಅದರ ವೆಲ್ಕ್ರೋಗೆ ಕಚ್ಚಿಕೊಳ್ಳುವ 2 ಅಥವಾ 2.25 ಇಂಚಿನ ಮೇಲ್ಪಟ್ಟಿ, ಎರಡನ್ನೂ ಸುತ್ತಿ ಟಿಚ್ ಬಟನ್ ಹಾಕುವ ನಾಲ್ಕು ಗಿಡ್ಡ ಪಟ್ಟಿಗಳು, ಅಂದರೆ ಕೀಪರ್. ವೆಲ್ಕ್ರೋ ಇದೆಯಲ್ಲ ಎಂದು ಕೀಪರ್ ಬಿಟ್ಟರೆ ಕೆಟ್ಟಿರಿ. ಪಿಸ್ತೂಲು ಎಳೆದಾಗ ಹೋಲ್‌ಸ್ಟರ್ (ಪಿಸ್ತೂಲಿನ ಒರೆ) ಸಮೇತ ಬೆಲ್ಟೇ ಮೇಲೆದ್ದು ಬರುತ್ತದೆ. ಹೋಲ್‌ಸ್ಟರಿನ ಹಿಂದೊಂದು, ಮುಂದೊಂದು ಕೀಪರ್ ಇರಲೇಬೇಕು. ಕೈಕೋಳದಂಥ ಸಾಮಾನಿಡುವ ಚೀಲಗಳೂ ಬೆಲ್ಟಿಗೇ ಸಿಕ್ಕುತ್ತವೆ; 2 ಇಂಚಿನ ಮೇಲ್ಪಟ್ಟಿಗೆ 2.25 ಇಂಚಿನ ಪಟ್ಟಿಗೆಂದು ಮಾಡಿದ ಚೀಲ ಸಿಕ್ಕಿಸಿದರೆ ಓಡುವಾಗ ಜಾರುತ್ತದೆ. ಅಳತೆ ಒಂದೇ ಇರಲಿ.

ಪ್ಯಾಂಟಿನ ಸೈಜು ಹೇಳಿ ಕೊಳ್ಳಬೇಡಿ. ಒಳಪಟ್ಟಿ ಕಟ್ಟಿಕೊಂಡು, ಅದರ ಮೇಲೆ ಟೇಪು ಸುತ್ತಿ ಅಳೆಯಿರಿ. ರಕ್ಷಾಕವಚ ತೊಡುವವರಾದರೆ ಅದನ್ನೂ ಹಾಕಿಕೊಂಡು ಕುರ್ಚಿಯಲ್ಲಿ ಕೂತು ನೋಡಿ: ಕವಚದ ಕೆಳಅಂಚು ಬೆಲ್ಟಿಗೆ ತಾಗಿದರೆ ಇಡೀ ಕವಚ ಗಂಟಲಿಗೆ ಬಂದು ಒತ್ತುತ್ತದೆ. ಹೋಲ್‌ಸ್ಟರ್ ಮಾತ್ರ, ಯಾವುದು ನಡೆಯುತ್ತದೆ ಎಂಬ ಇಲಾಖೆಯ ಯಾದಿ ಕೈಗೆ ಬರುವವರೆಗೆ ಕೊಳ್ಳುವುದು ಬೇಡ. ಪಿಸ್ತೂಲಿಗೆ ಟಾರ್ಚ್ ಜೋಡಿಸಿದ್ದರೆ ಹೋಲ್‌ಸ್ಟರೇ ಬೇರೆ.

ಯಾವುದು ಎಲ್ಲಿರಬೇಕು ಎನ್ನುವುದೇ ಇಲ್ಲಿ ದೊಡ್ಡ ವಿಷಯ. ಬೆನ್ನುಮೂಳೆಯ ನೇರಕ್ಕೆ ಕೈಕೋಳ ಇಡುವ ಹಳೇ ಚಾಳಿ ಬಿಡಿ. ಅಂಗಾತ ಬಿದ್ದರೆ ಆ ಕಬ್ಬಿಣವೇ ಮೂಳೆಗೆ ಬಡಿಯುತ್ತದೆ, ಕಾರಿನಲ್ಲಿ ಕೂತರೆ ಗಂಟೆಯೊಳಗೆ ನೋವು ಶುರು. ಆ ನಾಲ್ಕು ಬೆರಳಗಲ ಜಾಗ ಖಾಲಿ ಇರಲಿ. ರಕ್ತ ನಿಲ್ಲಿಸುವ ಟೂರ್ನಿಕೆಟ್ ಎರಡೂ ಕೈಗೆ ಎಟುಕುವಂತೆ ಮುಂಭಾಗದಲ್ಲಿರಬೇಕು, ಗಾಯ ಯಾವ ಕೈಗೆ ಆಗುತ್ತದೋ ಯಾರು ಕಂಡರು? ದಿನವೂ ಕಟ್ಟುವವರ ಕೈ ತಾನಾಗಿ ಜಾಗ ಹುಡುಕುತ್ತದೆ. ಎರಡು ವಾರಕ್ಕೊಮ್ಮೆ ಕಟ್ಟುವವರ ಕೈ ತಡವರಿಸುತ್ತದೆ. ಹಾಗಾಗಿ ಪ್ರತಿ ಚೀಲದ ಅಂಚಿಗೆ ಸರಿಯಾಗಿ ಬೆಲ್ಟಿನ ಒಳಮೈಯಲ್ಲಿ ಬಿಳಿ ದಾರದ ಒಂದೊಂದು ಹೊಲಿಗೆ ಹಾಕಿಡಿ. ಚೀಲ ಜರುಗಿದ್ದರೆ ಕಟ್ಟುವ ಮೊದಲೇ ಕಾಣುತ್ತದೆ.

ಮೂರು ಕಡೆ ಒಟ್ಟಿಗೆ ಒತ್ತಿದರೆ ಮಾತ್ರ ಬಿಚ್ಚುವ ಪ್ಲಾಸ್ಟಿಕ್ ಬಕಲ್ ಒಳ್ಳೆಯದು. ಎಳೆದಾಟದಲ್ಲಿ ಬೇರೆಯವರ ಕೈಗೆ ಅಷ್ಟು ಸುಲಭವಾಗಿ ಬಿಚ್ಚುವುದಿಲ್ಲ. ಕೈಗವಸು ಹಾಕಿಕೊಂಡೇ ಬಿಚ್ಚಿ ಅಭ್ಯಾಸ ಮಾಡಿ.

ನೈಲಾನಿನ ದೋಷಗಳೂ ಇವೆ. ತೆಳ್ಳಗಿನದ್ದು ಹೋಲ್‌ಸ್ಟರ್ ಇರುವ ಕಡೆ ಜೋತು ಬೀಳುತ್ತದೆ, ಆಗ ಜನ ಬಿಗಿಯಾಗಿ ಎಳೆದು ಕಟ್ಟುತ್ತಾರೆ, ತೊಡೆಯ ಹೊರಭಾಗ ಜೋಮು ಹಿಡಿಯುತ್ತದೆ. ಸೊಂಟದ ಬಳಿ ನರ ಒತ್ತಿಕೊಂಡಿರುವ ಲಕ್ಷಣ ಅದು. ಒಳಗೆ ಗಟ್ಟಿ ಹಾಳೆ ಇರುವ ಬೆಲ್ಟನ್ನೇ ಆರಿಸಿ. ವೆಲ್ಕ್ರೋದಲ್ಲಿ ನೂಲು, ಕೂದಲು ತುಂಬಿ ಹಿಡಿತ ಸಡಿಲವಾಗುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೆಗೆಯಿರಿ, ವಾಷಿಂಗ್ ಮಷೀನಿಗೆ ಹಾಕಬೇಡಿ. ಪಿಸ್ತೂಲು ತೆಗೆದು ಬೀಗದಲ್ಲಿಟ್ಟ ಮೇಲೆ ಬೆಲ್ಟನ್ನು ಸುರುಳಿ ಸುತ್ತದೆ, ಚೀಲಗಳ ಸಮೇತ ಗೂಟಕ್ಕೆ ನೇತುಹಾಕಿ.