ಬೆಕ್ಕಿಗೆ ನೋವಿದೆಯಾ? ಫಿಲೈನ್ ಗ್ರಿಮೇಸ್ ಸ್ಕೇಲ್ ಆ್ಯಪ್ ಬಳಸಿ ನೋಡಿದೆ

ಬೆಕ್ಕು ಸಾಕಿದವರಿಗೆ ಮೊದಲೇ ಹೇಳಿಬಿಡುತ್ತೇನೆ: ಈ ಆ್ಯಪ್ ಪುಕ್ಕಟೆ, ಫೋನಿಗೆ ಹಾಕಿಕೊಳ್ಳಿ. ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್.

ಇದರ ಹಿಂದಿರುವುದು ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರ ತಂಡ. ಬೆಕ್ಕಿನ ಮುಖ ನೋಡಿ ನೋವಿಗೆ ಅಂಕ ಕೊಡುವ ಅವರ ಅಳತೆ ಪ್ರಕಟವಾದದ್ದು 2019ರಲ್ಲಿ. ಐದು ವಿಷಯ ನೋಡಬೇಕು: ಕಿವಿ, ಕಣ್ಣು, ಮೂತಿ, ಮೀಸೆ, ತಲೆ. ಒಂದೊಂದಕ್ಕೂ 0, 1 ಅಥವಾ 2 ಅಂಕ. ಒಟ್ಟು ಹತ್ತಕ್ಕೆ 4 ಅಥವಾ ಅದಕ್ಕಿಂತ ಜಾಸ್ತಿ ಬಂತು ಅಂದರೆ ನೋವಿಗೆ ಔಷಧಿ ಬೇಕಾಗಬಹುದು, ಡಾಕ್ಟರನ್ನು ಕೇಳಿ ಅಂತ ಅರ್ಥ.

ನಮ್ಮ ಚಿನ್ನಿಗೆ ಮಕ್ಕಳಾಗದ ಆಪರೇಷನ್ ಆದ ದಿನ ಸಂಜೆ ಇದು ನಿಜವಾಗಿ ಕೆಲಸಕ್ಕೆ ಬಂತು. ಊಟದ ಟೇಬಲ್ ಕೆಳಗೆ ಮುದುರಿ ಕೂತಿದ್ದಳು. ಕೂಗಿಲ್ಲ, ನರಳಿಲ್ಲ. ಗುರುಗುರು ಅಂತ ಬೇರೆ ಅನ್ನುತ್ತಿದ್ದಳು. "ಖುಷಿಯಾಗಿದ್ದಾಳೆ ಬಿಡು" ಅಂದರು ಅಮ್ಮ. ಆದರೆ ಬೆಕ್ಕು ನೋವಾದಾಗಲೂ ಗುರುಗುಟ್ಟುತ್ತದೆ. ಆ್ಯಪ್ ತೆಗೆದು ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತು ಸುಮ್ನೆ ಅವಳನ್ನೇ ನೋಡಿದೆ. ಕಿವಿ ಎರಡೂ ಚಪ್ಪಟೆಯಾಗಿ ಹೊರಗೆ ತಿರುಗಿದ್ದವು, 2. ಕಣ್ಣು ಅರ್ಧ ಮುಚ್ಚಿತ್ತು, 1. ಯಾವಾಗಲೂ ದುಂಡಗಿರುವ ಮೂತಿ ಸ್ವಲ್ಪ ಬಿಗಿದಿತ್ತು, 1. ತಲೆ ಹೆಗಲಿಗಿಂತ ಕೆಳಗೆ ಜೋತುಬಿದ್ದಿತ್ತು, 2. ಮೀಸೆಗೆ ಸೊನ್ನೆ ಕೊಟ್ಟೆ. ಒಟ್ಟು 6.

ಡಾಕ್ಟರಿಗೆ ಫೋನ್ ಮಾಡಿ "ಯಾಕೋ ಡಲ್ ಆಗಿದ್ದಾಳೆ" ಅನ್ನುವ ಬದಲು ಇದನ್ನೇ ಹೇಳಿದೆ. ಕೂಡಲೇ ಕರೆಸಿಕೊಂಡು ಇಂಜೆಕ್ಷನ್ ಕೊಟ್ಟರು. ರಾತ್ರಿ ಮತ್ತೆ ನೋಡಿದರೆ ಕಿವಿ ನೆಟ್ಟಗಾಗಿತ್ತು, ತಲೆ ಮೇಲೆದ್ದಿತ್ತು, ಒಟ್ಟು 1. (ಮನೆಯಲ್ಲಿರುವ ಪ್ಯಾರಸಿಟಮಾಲ್ ಮಾತ್ರ ಕೈಯಲ್ಲೂ ಮುಟ್ಟಬೇಡಿ. ನಮಗೆ ಮಾಮೂಲಿ ಮಾತ್ರೆ ಅದು, ಆದರೆ ಬೆಕ್ಕಿನ ಲಿವರ್‌ಗೆ ಅದನ್ನು ಅರಗಿಸಲು ಆಗುವುದಿಲ್ಲ. ಒಂದೇ ಮಾತ್ರೆ ಪ್ರಾಣ ತೆಗೆಯಬಹುದು.)

ಈಗ ತಕರಾರು. ಮೀಸೆ ನೋಡಿ ಅಂಕ ಕೊಡುವುದು ನನಗಂತೂ ಕಷ್ಟ. ನೋವಿದ್ದರೆ ಬಾಗಿರುವ ಮೀಸೆ ನೇರವಾಗಿ ಮುಂದಕ್ಕೆ ಚಾಚುತ್ತದಂತೆ. ಟ್ಯೂಬ್‌ಲೈಟ್ ಬೆಳಕಲ್ಲಿ ಬಿಳಿ ಮುಖದ ಮೇಲಿನ ಬಿಳಿ ಕೂದಲು ಎತ್ತ ಚಾಚಿದೆ ಅಂತ ಯಾರಿಗೆ ಕಾಣುತ್ತೆ? ಬೆಕ್ಕು ಮಲಗಿದ್ದರೆ, ತಿನ್ನುತ್ತಿದ್ದರೆ, ಮೈ ನೆಕ್ಕುತ್ತಿದ್ದರೆ ಅಂಕ ಕೊಡುವಂತಿಲ್ಲ. ಅಂದರೆ ದಿನದ ಮುಕ್ಕಾಲು ಭಾಗ ಕಾಯುತ್ತಾ ಕೂರಬೇಕು, ಅಲ್ವಾ? ಪರ್ಷಿಯನ್ ತರಹದ ಚಪ್ಪಟೆ ಮುಖದ ಬೆಕ್ಕುಗಳ ಮುಖ ಮೊದಲೇ ಗಂಟಿಕ್ಕಿದ ಹಾಗಿರುತ್ತದೆ, ಅವುಗಳ ಅಂಕವನ್ನು ಹುಷಾರಾಗಿ ನಂಬಬೇಕು. ಕನ್ನಡವೂ ಇಲ್ಲ. ಅಮ್ಮ ಚಿತ್ರ ನೋಡಿಯೇ ಕಲಿತರು.

ಊರಲ್ಲಿ ಅಪ್ಪನಿಗೆ ತೋರಿಸಿದೆ. "ನಮ್ಮ ಹಸು ಗೌರಿಗೂ ಆಗುತ್ತಾ ಇದು?" ಅಂದರು. ಆಗುವುದಿಲ್ಲ. ಒಂದು ಪ್ರಾಣಿಯ ಅಳತೆ ಇನ್ನೊಂದಕ್ಕೆ ನಡೆಯುವುದಿಲ್ಲ. ಮುಖ ನೋಡಿ ನೋವು ಅಳೆಯುವ ಈ ಕ್ರಮ ಶುರುವಾದದ್ದು 2010ರಲ್ಲಿ, ಅದೇ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ, ಇಲಿಗಳಿಂದ. ಆಮೇಲೆ ಮೊಲ, ಕುದುರೆ, ಕುರಿ ಅಂತ ಒಂದೊಂದಕ್ಕೂ ಬೇರೆ ಬೇರೆ ಪಟ್ಟಿ ಮಾಡಿದರು. ಹಸುವಿಗೆ ಡೆನ್ಮಾರ್ಕಿನವರ ಅಳತೆ ಇದೆ. ಅದರಲ್ಲಿ ಮುಖ, ಕಿವಿಯ ಜೊತೆ ತಲೆ ಎಷ್ಟು ತಗ್ಗಿದೆ, ಬೆನ್ನು ಗೂನಾಗಿದೆಯಾ ಅಂತಲೂ ನೋಡಬೇಕು. ಅಪ್ಪ ಅದನ್ನು ಕೇಳಿ ನಕ್ಕರು. ಕಿವಿ ಜೋತುಬಿದ್ದು, ಮೆಲುಕು ನಿಂತು, ಹಲ್ಲು ಕಡಿಯುತ್ತಿದ್ದರೆ ಹಸುವಿಗೆ ಎಲ್ಲೋ ನೋವಿದೆ ಅಂತ ಕೊಟ್ಟಿಗೆಯಲ್ಲಿ ಅವರು ಮೊದಲಿನಿಂದಲೂ ಹೇಳುತ್ತಲೇ ಇದ್ದರು. ಅಂಕ ಮಾತ್ರ ಕೊಟ್ಟಿರಲಿಲ್ಲ.

ಇನ್ನೊಂದು ವಿಷಯ. ಆಪರೇಷನ್, ಗಾಯ, ಹೊಟ್ಟೆನೋವಿನಂತಹ ತಕ್ಷಣದ ನೋವಿಗೆ ಈ ಆ್ಯಪ್ ಸರಿ. ವಯಸ್ಸಾದ ಬೆಕ್ಕಿನ ಕೀಲುನೋವಿಗೆ ಇದನ್ನೇ ನೆಚ್ಚಿಕೊಂಡು ಕೂರಬೇಡಿ. ಅಲ್ಲಿ ಮುಖಕ್ಕಿಂತ ನಡವಳಿಕೆ ನೋಡಬೇಕು: ಮೊದಲು ಒಂದೇ ನೆಗೆತಕ್ಕೆ ಅಡುಗೆಕಟ್ಟೆ ಹತ್ತುತ್ತಿದ್ದ ಬೆಕ್ಕು ಈಗ ಸ್ಟೂಲ್ ಮೇಲೆ ಕಾಲಿಟ್ಟು ಹತ್ತುತ್ತಿದೆಯಾ, ಬೆನ್ನು ನೆಕ್ಕಿಕೊಳ್ಳುವುದನ್ನು ಬಿಟ್ಟಿದೆಯಾ ಅಂತ. ಅಂಥದ್ದು ಕಂಡರೆ ಒಂದು ವಿಡಿಯೊ ಮಾಡಿ ಡಾಕ್ಟರಿಗೆ ತೋರಿಸಿ. ಕ್ಲಿನಿಕ್ಕಿನ ಟೇಬಲ್ ಮೇಲೆ ಹೆದರಿ ಕೂತ ಬೆಕ್ಕು ಅವರಿಗೆ ಇದ್ಯಾವುದನ್ನೂ ತೋರಿಸುವುದಿಲ್ಲ.