ಹಳೆ ಸೆಸ್ನಾಗೆ ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ಅಮೆರಿಕದಲ್ಲಿ ಪ್ರೈವೇಟ್ ಪೈಲಟ್ ಲೈಸೆನ್ಸ್ ಮಾಡಿಕೊಂಡು, ಮೂರ್ನಾಲ್ಕು ಜನ ಸೇರಿ ಒಂದು ಹಳೆ ವಿಮಾನ ಕೊಂಡುಬಿಡೋಣ ಅಂತ ಲೆಕ್ಕ ಹಾಕುತ್ತಿರುವ ಕನ್ನಡಿಗರಿಗೆ ಈ ಬರಹ. ಫ್ಲಾರಿಡಾದ ಒಬ್ಬ ಬ್ರೋಕರ್ ಹತ್ತಿರ ನಮ್ಮ 5,000 ಡಾಲರ್ ಹೋಯಿತು, ವಿಮಾನವೂ ಬರಲಿಲ್ಲ. ಅವನ ಹೆಸರು ಇಲ್ಲಿ ಹಾಕುವುದಿಲ್ಲ. ಅವನು ಬೆಲೆ ಕಟ್ಟಿದ ರೀತಿ ಹೇಳುತ್ತೇನೆ, ಯಾಕೆಂದರೆ ಹಾಗೆ ಕಟ್ಟುವವರು ಅವನೊಬ್ಬನೇ ಅಲ್ಲ.

ವಿಮಾನ 1976ರ ಸೆಸ್ನಾ 172ಎಂ. 150 ಅಶ್ವಶಕ್ತಿಯ ಲೈಕಮಿಂಗ್ ಒ-320 ಎಂಜಿನ್. ಕೇಳಿದ್ದು 96,000 ಡಾಲರ್. ಜಾಹೀರಾತಿನಲ್ಲಿ ಹೊಸ ಪೇಂಟು, ಹೊಸ ಸೀಟು, ‘ಡ್ಯಾಮೇಜ್ ಹಿಸ್ಟರಿ ಇಲ್ಲ’, ಮತ್ತೆ ದಪ್ಪಕ್ಷರದಲ್ಲಿ ‘ಓವರ್‌ಹಾಲ್ ಆಗಿ ಬರೀ 480 ಗಂಟೆ’. ಓವರ್‌ಹಾಲ್ ಅಂದರೆ ಎಂಜಿನ್ ಪೂರ್ತಿ ಬಿಚ್ಚಿ, ಸವೆದದ್ದನ್ನು ಬದಲಿಸಿ ಮತ್ತೆ ಜೋಡಿಸುವುದು. ಇಡೀ ಆಟ ಇದ್ದದ್ದು ಆ 480ರಲ್ಲಿ.

ದರಪಟ್ಟಿಗಳು ಸಾಮಾನ್ಯವಾಗಿ ಎಂಜಿನ್ ಅರ್ಧ ಆಯಸ್ಸು ಕಳೆದಿದೆ ಎಂದು ಹಿಡಿದು ಒಂದು ಮೂಲ ಬೆಲೆ ಕೊಡುತ್ತವೆ. ಈ ಎಂಜಿನ್ನಿಗೆ ಕಂಪನಿ ಹೇಳುವ ಓವರ್‌ಹಾಲ್ ಅವಧಿ 2,000 ಗಂಟೆ, ಅಂದರೆ ಅರ್ಧ 1,000. ಓವರ್‌ಹಾಲ್ ಖರ್ಚು 36,000 ಡಾಲರ್ ಅಂತ ಇಟ್ಟುಕೊಳ್ಳಿ, ಗಂಟೆಗೆ 18 ಡಾಲರ್ ಬೀಳುತ್ತದೆ. 480 ಗಂಟೆಯ ಎಂಜಿನ್ ಅರ್ಧಕ್ಕಿಂತ 520 ಗಂಟೆ ಎಳೆಯದು, ಆದ್ದರಿಂದ ಮೂಲ ಬೆಲೆಯ ಮೇಲೆ 9,360 ಡಾಲರ್ ಜಾಸ್ತಿ. ಬ್ರೋಕರ್ ಇದನ್ನು ಚೆಂದದ ಪಿಡಿಎಫ್ ಮಾಡಿ ಕಳಿಸಿದ್ದ. ಕೂಡುವುದು ಕಳೆಯುವುದರಲ್ಲಿ ಎಲ್ಲೂ ತಪ್ಪಿಲ್ಲ.

ಆದರೆ ಓವರ್‌ಹಾಲ್ ಆದದ್ದು 2003ರಲ್ಲಿ! ಲೈಕಮಿಂಗ್ ಗಂಟೆಯ ಜೊತೆಗೆ 12 ವರ್ಷ ಅಂತಲೂ ಹೇಳುತ್ತದೆ, ಯಾವುದು ಮೊದಲೋ ಅದು. ಸ್ವಂತಕ್ಕೆ ಹಾರಿಸುವವರಿಗೆ ಇದು ಕಾನೂನಿನ ಕಡ್ಡಾಯವಲ್ಲ. ಅದಕ್ಕೇ ಮಾರುವವರು ಗಂಟೆ ಮಾತ್ರ ಹೇಳುತ್ತಾರೆ, ವರ್ಷ ಹೇಳುವುದಿಲ್ಲ. ವರ್ಷ ಯಾಕೆ ಮುಖ್ಯ ಅಂದರೆ, ಈ ಎಂಜಿನ್‌ಗಳಲ್ಲಿ ವಾಲ್ವ್ ತೆರೆಸುವ ಕ್ಯಾಮ್‌ಶಾಫ್ಟ್ ಇರುವುದು ಪ್ರೊಪೆಲರ್ ತಿರುಗಿಸುವ ಕ್ರ್ಯಾಂಕ್‌ಶಾಫ್ಟಿನ ಮೇಲುಗಡೆ. ವಿಮಾನ ತಿಂಗಳುಗಟ್ಟಲೆ ನಿಂತರೆ ಕ್ಯಾಮ್ ಮೇಲಿನ ಎಣ್ಣೆಯೆಲ್ಲ ಕೆಳಗೆ ಇಳಿದುಹೋಗುತ್ತದೆ, ಬರೀ ಉಕ್ಕಿಗೆ ತೇವ ತಾಗಿ ತುಕ್ಕು ಹಿಡಿಯುತ್ತದೆ. ಆಮೇಲೆ ಸ್ಟಾರ್ಟ್ ಮಾಡಿದಾಗಲೆಲ್ಲ ಆ ತುಕ್ಕಿನ ಚುಕ್ಕೆ, ಕ್ಯಾಮ್ ತಳ್ಳುವ ಟ್ಯಾಪೆಟ್ಟನ್ನು ಕೆರೆಯುತ್ತದೆ. ಫ್ಲಾರಿಡಾದ ಕಡಲಂಚಿನಲ್ಲಿ ಇದು ಇನ್ನೂ ಬೇಗ.

ನಿಂತಿತ್ತೋ ಇಲ್ಲವೋ ಅನ್ನುವುದು ಎಂಜಿನ್ ಲಾಗ್‌ಬುಕ್ಕಿನಲ್ಲೇ ಸಿಗುತ್ತದೆ. 2008ರ ಆನುವಲ್ (ವರ್ಷಕ್ಕೊಮ್ಮೆಯ ಕಡ್ಡಾಯ) ತಪಾಸಣೆಯಲ್ಲಿ ಟ್ಯಾಕ್, ಅಂದರೆ ಎಂಜಿನ್ ಓಡಿದ ಗಂಟೆ ಎಣಿಸುವ ಮೀಟರ್, ತೋರಿಸಿದ್ದು 3412.6, 2009ರಲ್ಲಿ 3415.1, 2010ರಲ್ಲಿ 3416.0. ಒಂದು ವರ್ಷ ಎರಡೂವರೆ ಗಂಟೆ, ಮರುವರ್ಷ ಒಂದು ಗಂಟೆಯೂ ಪೂರ್ತಿ ಇಲ್ಲ! ಪ್ರತಿ ನಮೂದಿನ ಕೆಳಗೆ ಅದೇ ಮೆಕ್ಯಾನಿಕ್ಕಿನ ಸಹಿ, ಅದೇ ಮೂರು ಸಾಲು. ಇಂಥ ಎಂಜಿನ್ನಿಗೆ ನಾನಾದರೆ ಆಯಸ್ಸು ಮುಗಿದಿದೆ ಅಂತಲೇ ಲೆಕ್ಕ ಹಿಡಿಯುತ್ತೇನೆ: ಮೂಲ ಬೆಲೆಯಿಂದ 18,000 ಕಳೆಯಬೇಕು. ಅವನು 9,360 ಕೂಡಿಸಿದ್ದ. ಎರಡೂ ಲೆಕ್ಕಕ್ಕೆ 27,360 ಡಾಲರ್ ಅಂತರ.

ಮಿಕ್ಕ ಕೂಡಿಕೆಗಳೂ ಹೀಗೇ. ಎಡಿಎಸ್-ಬಿ (ವಿಮಾನ ಎಲ್ಲಿದೆ ಅಂತ ತಾನೇ ಪ್ರಸಾರ ಮಾಡುವ ಸಾಧನ) ಇದೆ ಅಂತ ಒಂದಿಷ್ಟು ಸೇರಿಸಿದ್ದ. 2020ರ ಜನವರಿಯಿಂದ ದೊಡ್ಡ ಏರ್‌ಪೋರ್ಟುಗಳ ಸುತ್ತ ಹಾರಲು ಅದು ಬೇಕೇಬೇಕು. ಇಲ್ಲದಿದ್ದರೆ ಕಳೆಯಬೇಕಾದ್ದು, ಇದ್ದರೆ ಸೇರಿಸುವಂಥದ್ದಲ್ಲ. ಹೊಸ ಪೇಂಟಿನ ಬಿಲ್ಲನ್ನಂತೂ ಪೂರ್ತಿ ನಮ್ಮ ತಲೆಗೆ ಕಟ್ಟಿದ್ದ. ನನ್ನನ್ನು ಕೇಳಿದರೆ, ಮಾರುವುದಕ್ಕೆ ಮುಂಚೆ ಹೊಡೆಸಿದ ಪೇಂಟಿಗೆ ಖುಷಿಗಿಂತ ಅನುಮಾನವೇ ಹೆಚ್ಚು ಬರಬೇಕು.

ಬೆಂಗಳೂರಲ್ಲಿ ಸೈಟ್ ತಗೊಳ್ಳುವವರು ಇ.ಸಿ. ತೆಗೆಸದೆ ಅಡ್ವಾನ್ಸ್ ಕೊಡುತ್ತಾರಾ? ಇಲ್ಲೂ ಅಂಥದ್ದೇ ಒಂದಿದೆ. ಒಕ್ಲಹಾಮಾ ಸಿಟಿಯಲ್ಲಿರುವ ಎಫ್‌ಎಎ (ಅಮೆರಿಕದ ವಿಮಾನಯಾನ ಇಲಾಖೆ) ದಾಖಲೆ ಕಚೇರಿಗೆ ವಿಮಾನದ ನಂಬರ್ ಕೊಟ್ಟು ಹತ್ತು ಡಾಲರ್ ಆಸುಪಾಸು ಕಟ್ಟಿದರೆ ಇಡೀ ಕಡತ ಕಳಿಸುತ್ತಾರೆ. ಯಾರು ಯಾರಿಗೆ ಮಾರಿದರು, ಸಾಲಕ್ಕೆ ಒತ್ತೆ ಇದೆಯಾ, ದೊಡ್ಡ ರಿಪೇರಿಯ ಫಾರ್ಮ್ 337 ಇದೆಯಾ, ಎಲ್ಲ ಅದರಲ್ಲಿ. ನಮ್ಮದರಲ್ಲಿ 1991ರ ಒಂದು 337 ಇತ್ತು: ಮೂಗಿನ ಚಕ್ರ ಮುರಿದು ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ) ಬದಲಾಯಿಸಿದ್ದು. ರಡ್ಡರ್ ಪೆಡಲ್ ಕೆಳಗೆ ತಲೆ ತೂರಿಸಿ ಟಾರ್ಚ್ ಬಿಟ್ಟರೆ ಒಂದು ಸಾಲು ರಿವೆಟ್ ಬೇರೆಯದೇ ಹೊಳಪು. ಅಷ್ಟು ಹಳೆಯ, ಸರಿಯಾಗಿ ಮಾಡಿದ ರಿಪೇರಿಗೆ ನಾನು ಬೆಲೆ ಇಳಿಸುವುದಿಲ್ಲ. ಆದರೆ ‘ಡ್ಯಾಮೇಜ್ ಇಲ್ಲ’ ಅಂತ ಬರೆದವನ ಉಳಿದ ಮಾತನ್ನು ಹೇಗೆ ನಂಬೋದು?

ಕೊಳ್ಳುವ ಮುಂಚಿನ (ಪ್ರೀ-ಬೈ) ತಪಾಸಣೆಗೆ ಬ್ರೋಕರ್ ಸೂಚಿಸಿದವನನ್ನು ಬಿಟ್ಟು ಬೇರೆ ಊರಿನ ಮೆಕ್ಯಾನಿಕ್ಕನ್ನು ಕರೆಸಿದ್ದೆವು. ಕಂಪ್ರೆಷನ್, ಅಂದರೆ ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಒತ್ತಡ ನಿಲ್ಲುತ್ತದೆ ಅಂತ ನೋಡುವುದು, 80ಕ್ಕೆ 76, 74, 77, 72. ನಾಲ್ಕೂ ಸಿಲಿಂಡರ್ ಚೆನ್ನಾಗಿವೆ. ಬ್ರೋಕರ್ ಮುಖದಲ್ಲಿ ನಗು. ಮೆಕ್ಯಾನಿಕ್ ಏನೂ ಹೇಳದೆ ಆಯಿಲ್ ಫಿಲ್ಟರನ್ನು ಕಟರಿನಿಂದ ಕೊಯ್ದ, ಒಳಗಿನ ಮಡಿಕೆ ಕಾಗದವನ್ನು ವೈಸಿನಲ್ಲಿ ಹಿಂಡಿದ, ಬಿಡಿಸಿ ಹರಡಿದ, ಅಡಿಯಿಂದ ಮ್ಯಾಗ್ನೆಟ್ ಆಡಿಸಿದ. ಸಣ್ಣ ಸಣ್ಣ ಚೂರುಗಳು ಎದ್ದು ನಿಂತು ಮ್ಯಾಗ್ನೆಟ್ ಹೋದ ಕಡೆ ಹೋದವು. ಅಂದರೆ ಉಕ್ಕು, ಕ್ಯಾಮ್ ಸವೆದು ಬಂದದ್ದಿರಬಹುದು. ಕಂಪ್ರೆಷನ್ ಹೇಳುವುದು ಸಿಲಿಂಡರ್ ಕಥೆಯನ್ನು ಮಾತ್ರ, ಕ್ಯಾಮ್ ಸವೆದಿದ್ದರೂ ಆ ಅಂಕಿ ಚೆನ್ನಾಗೇ ಬರುತ್ತದೆ. “ಒಂದು ಸಿಲಿಂಡರ್ ಬಿಚ್ಚಿ ಕ್ಯಾಮ್ ನೋಡಬೇಕು” ಅಂದ. ಮಾಲೀಕ ಒಪ್ಪಲಿಲ್ಲ.

ನಾವು 69,000 ಹೇಳಿದೆವು. ಆಗಲ್ಲ ಅಂದರು. ಸರಿ, ಅಡ್ವಾನ್ಸ್ ವಾಪಸ್ ಕೊಡಿ ಅಂದಾಗ ಒಪ್ಪಂದದ ಒಂದು ಸಾಲು ತೋರಿಸಿದರು: ವಿಮಾನ ‘ಏರ್‌ವರ್ದಿ’ (ಹಾರಲು ಯೋಗ್ಯ) ಅಲ್ಲ ಅಂತ ತಪಾಸಣೆಯಲ್ಲಿ ಕಂಡುಬಂದರೆ ಮಾತ್ರ ಅಡ್ವಾನ್ಸ್ ವಾಪಸ್. ಫಿಲ್ಟರಿನಲ್ಲಿ ಸ್ವಲ್ಪ ಲೋಹ ಸಿಕ್ಕರೆ ಇನ್ನಷ್ಟು ಗಂಟೆ ಹಾರಿಸಿ ಮತ್ತೆ ನೋಡಿ ಅನ್ನುವ ಅವಕಾಶವನ್ನು ಲೈಕಮಿಂಗೇ ಕೊಟ್ಟಿದೆ. ಆನುವಲ್ ಚಾಲ್ತಿಯಲ್ಲಿದೆ. ಕಾಗದದ ಪ್ರಕಾರ ವಿಮಾನ ಹಾರಬಹುದು, ದುಡ್ಡು ಅವರದು. 27,000 ಡಾಲರ್ ಹೆಚ್ಚು ಕೇಳುವುದು ಏರ್‌ವರ್ದಿನೆಸ್ಸಿನ ಪ್ರಶ್ನೆಯೇ ಅಲ್ಲವಲ್ಲ. ವಕೀಲರನ್ನು ವಿಚಾರಿಸಿದೆವು. ಇಷ್ಟು ಮೊತ್ತಕ್ಕೆ ಬೇರೆ ರಾಜ್ಯದಲ್ಲಿ ಕೇಸು ಹಾಕಿದರೆ ಖರ್ಚೂ ಹುಟ್ಟುವುದಿಲ್ಲ ಅಂದರು.

ಹಾಗಾಗಿ ಅಡ್ವಾನ್ಸ್ ಪತ್ರದಲ್ಲಿ ‘ತಪಾಸಣೆ ಕೊಳ್ಳುವವರಿಗೆ ತೃಪ್ತಿ ತರದಿದ್ದರೆ, ಕಾರಣ ಯಾವುದೇ ಇರಲಿ, ಪೂರ್ತಿ ಹಣ ವಾಪಸ್’ ಅಂತ ಬರೆಸಿ. ಸಿಲಿಂಡರ್ ಬಿಚ್ಚುವ ಅನುಮತಿಯನ್ನೂ, ಮತ್ತೆ ಕೂರಿಸುವ ಖರ್ಚು ಯಾರದು ಅನ್ನುವುದನ್ನೂ ಅದರಲ್ಲೇ ಸೇರಿಸಿ. ದುಡ್ಡು ಬ್ರೋಕರ್ ಖಾತೆಗೆ ಬೇಡ, ಎಸ್ಕ್ರೋದಲ್ಲಿ, ಅಂದರೆ ವ್ಯವಹಾರ ಮುಗಿಯುವವರೆಗೆ ಮೂರನೆಯವರ ಹತ್ತಿರ ಇರಲಿ.

1977ರಿಂದ 80ರವರೆಗಿನ 172ಎನ್ ನೋಡುತ್ತಿದ್ದರೆ ಅದರ ಎಚ್2ಎಡಿ ಎಂಜಿನ್ನಿಗೆ ಕ್ಯಾಮ್ ತೊಂದರೆಯ ಹಳೆ ಹೆಸರೇ ಇದೆ, ಓದಿಕೊಂಡು ಹೋಗಿ. ಪೈಪರ್ ಚೆರೊಕೀ ಕಡೆ ಮನಸ್ಸಿದ್ದರೆ ರೆಕ್ಕೆಯ ಸ್ಪಾರ್ (ಒಳಗಿನ ಮುಖ್ಯ ತೊಲೆ) ತಪಾಸಣೆಯ ಎಡಿ (ಎಫ್‌ಎಎಯ ಕಡ್ಡಾಯ ಸುರಕ್ಷತಾ ಆದೇಶ) ಆ ವಿಮಾನಕ್ಕೆ ಅನ್ವಯಿಸುತ್ತದಾ, ಅನ್ವಯಿಸಿದರೆ ಮುಗಿಸಿದ್ದಾರಾ ಕೇಳಿ. ಫ್ಲೈಯಿಂಗ್ ಸ್ಕೂಲಿನಲ್ಲಿ ದುಡಿದು ಬಂದದ್ದಾದರೆ ಇದನ್ನು ಬಿಡಲೇಬೇಡಿ.

ಸದ್ಯ ಫ್ಲಾರಿಡಾದಲ್ಲಿ 1976ರ 172ಎಂ ಮಾತಾಡುತ್ತಿರುವವರು ನನಗೊಂದು ಮೆಸೇಜ್ ಹಾಕಿ. ವಿಮಾನದ ನಂಬರ್ ಮತ್ತು ನಮ್ಮ ಮೆಕ್ಯಾನಿಕ್ ತೆಗೆದ ಫಿಲ್ಟರ್ ಫೋಟೊ ಖಾಸಗಿಯಾಗಿ ಕಳಿಸುತ್ತೇನೆ.